ಕುಡಿ ಅಂದರೆ ಬಲಗಡೆ

ನಮ್ಮ ಶಾಲೆಯ ದೊಡ್ಡ ಗೇಟಿನೊಳಗೆ ಕಾಲಿಟ್ಟರೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಬೇವಿನ ಗಿಡ, ಅದರ ಸುತ್ತ ಕಟ್ಟೆ, ಆಮೇಲೆ ಆಫೀಸು, ತರಗತಿಗಳು. ಬಲಕ್ಕೆ ಹೋದರೆ ನೆಟ್ಟಗೆ ನಿಲ್ಲಿಸಿದ ಫರ್ಸಿಕಲ್ಲುಗಳ ಮೋಟು ಗೋಡೆ, ಅದರ ಹಿಂದೆ ಹುಡುಗರ ಮೂತ್ರಿಖಾನೆ. ಶಹಾಬಾದದಲ್ಲಿ ಕಲ್ಲಿಗೇನೂ ಕೊರತೆ ಇಲ್ಲ. ನೆಲಕ್ಕೂ ಅದೇ ಕಲ್ಲು, ಬೇಲಿಗೂ ಅದೇ, ಮರೆಗೂ ಅದೇ. ಹೊಸಬರು ಯಾರೇ ಬಂದರೂ ಗೇಟಿನಲ್ಲಿ ಒಂದು ಗಳಿಗೆ ನಿಂತು ಎತ್ತ ಹೋಗಬೇಕೆಂದು ನೋಡುತ್ತಾರೆ. ಒಂದು ಬೋರ್ಡು ಬರೆಸಬೇಕೆಂದು ಪ್ರತಿ ಮೀಟಿಂಗಿನಲ್ಲೂ ಮಾತು ಬರುತ್ತದೆ. ಚಹಾ ಬಂದ ಮೇಲೆ ಮರೆತುಹೋಗುತ್ತದೆ.

ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ಗಣಿತ, ವಿಜ್ಞಾನಕ್ಕೆಂದೇ ತೆಗೆದ ಸರಕಾರಿ ಪ್ರೌಢಶಾಲೆ ಅದು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮಕ್ಕಳು ಪರೀಕ್ಷೆ ಬರೆದು ಎಂಟನೆಯ ತರಗತಿಗೆ ಸೇರುತ್ತಾರೆ. ಹಾಗೆ ಸೇರಿದ ಮಗುವಿನ ಮನೆಯವರು ನೆಂಟರ ಮದುವೆಯಲ್ಲಿ ಊಟದ ಸಾಲಿನಲ್ಲಿ ಕುಳಿತಾಗಲೂ ಆ ಮಾತು ತೆಗೆಯುತ್ತಾರೆ. ಇಂಥ ಶಾಲೆಯಲ್ಲಿ ಕನ್ನಡದ ಮೇಡಂ ಎಂದರೆ ತಾಟಿನ ಮೂಲೆಯ ಉಪ್ಪು. ಬೇಕು, ಆದರೆ ಅದನ್ನು ನೆನೆಸಿಕೊಂಡು ಯಾರೂ ಊಟಕ್ಕೆ ಬರುವುದಿಲ್ಲ. ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಬರುತ್ತೇನೆ. ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಮೇಲೆ ಸ್ವಲ್ಪ ಶೇಂಗಾ ಹಿಂಡಿ. ಎಂಟನೆಯವರಿಗೆ ನನ್ನ ಪೀರಿಯಡ್ಡು ಊಟದ ನಂತರದ್ದು. ಹಾಜರಿ ಕೂಗಿ ಮುಗಿಸುವಷ್ಟರಲ್ಲಿ ಪಿ.ಸಿ.ಎಂ. ಸರ್ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಮೇಡಂ, ಇವತ್ತೊಂದಿನ ಕೊಡ್ರಿ ನಿಮ್ಮ ಪೀರಿಯಡ್. ಕನ್ನಡ ಏನು, ಮನ್ಯಾಗೂ ಬರ್ತದ."

ನಾನು ಪುಸ್ತಕ ಮುಚ್ಚಿ ಸ್ಟಾಫ್ ರೂಮಿಗೆ ಹೋಗುತ್ತೇನೆ.

ಭೌತ, ರಸಾಯನ, ಗಣಿತ ಮೂರನ್ನೂ ಕಲಿಸುವವರನ್ನು ನಮ್ಮಲ್ಲಿ ಪಿ.ಸಿ.ಎಂ. ಎನ್ನುತ್ತಾರೆ. ಈ ಸರ್ ಅಂತಿಂಥವರಲ್ಲ. ಸರಕಾರ ಕಳಿಸಿದ ಸಾಮಾನು ಕೆಟ್ಟರೆ ಮನೆಯಿಂದ ತಂತಿ ತಂದು ತಾವೇ ಬೆಸುಗೆ ಹಾಕುತ್ತಿದ್ದರು. ವಿದ್ಯುತ್ತು ತಂತಿಯಲ್ಲಿ ಹರಿಯುವುದನ್ನು ಅವರು ಹೇಳುವಾಗ ಹೊರಗಿನ ವರಾಂಡದಲ್ಲಿ ಹೋಗುತ್ತಿದ್ದ ನಾನೂ ಎಷ್ಟೋ ಸಲ ನಿಂತು ಕೇಳಿದ್ದೇನೆ. ಅವರ ಮಕ್ಕಳು ಮುಂದೆ ಹೋದರು, ಅದು ಸುಳ್ಳಲ್ಲ. ಆದರೆ ಅವರ ಬಾಯಿ ಒಂದು ಬ್ಲೇಡು. ತರಗತಿಗೆ ಬಂದ ಪ್ರತಿ ಮಗುವಿಗೂ ಅವರು ಒಂದು ಹೆಸರು ಇಡುತ್ತಿದ್ದರು. ತೊದಲುವ ಹುಡುಗ ಲೂಜ್ ಕನೆಕ್ಷನ್. ತಡವಾಗಿ ಉತ್ತರ ಕೊಡುವವನು ಜೀರೋ ವ್ಯಾಟ್. ದಪ್ಪಗಿದ್ದ ಹುಡುಗಿಗೆ ಟ್ರಾನ್ಸ್‌ಫಾರ್ಮರ್. ಹೆಸರು ಇಟ್ಟ ಮೊದಲ ದಿನ ಆ ಮಗು ಮುಖ ಕೆಳಗೆ ಹಾಕುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಉಳಿದವರ ಜೊತೆ ತಾನೂ ನಗಲು ಕಲಿಯುತ್ತಿತ್ತು. ಆಮೇಲೆ ಇನ್ನೊಬ್ಬರಿಗೆ ಹೆಸರು ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದುದು ಅದೇ ಮಗು. ತಂದೆತಾಯಿಗಳಿಗೆ ಇದೆಲ್ಲ ಗೊತ್ತಿತ್ತು. "ಬೈರಿ ಸರ್, ನೀವು ಬೈದ್ರ ಅದು ಆಶೀರ್ವಾದ ಇದ್ದಂಗ" ಎಂದು ಹೇಳಿ ಹೋಗುತ್ತಿದ್ದರು.

ಇನ್ನೊಂದು ರೂಢಿ. ಎಂಟನೆಯ ತರಗತಿ ಮುಗಿಯುವಾಗ ಯಾರು ಇಲ್ಲಿ 'ನಡೀತಾರ', ಯಾರು 'ನಡಿಯಂಗಿಲ್ಲ' ಎಂದು ತೀರ್ಮಾನವಾಗುತ್ತಿತ್ತು. ನಡೆಯದವರ ಮನೆಯವರನ್ನು ಕರೆಸಿ, ಚಹಾ ಕುಡಿಸಿ, ನಿಮ್ಮ ಮಗುವಿಗೆ ಇದು ಭಾರವಾಗುತ್ತದೆ ಎಂದು ಸಮಾಧಾನವಾಗಿ ಹೇಳಿ ಟಿಸಿ ಕೊಟ್ಟು ಕಳಿಸುತ್ತಿದ್ದರು. ಯಾವ ಕಾನೂನಿನಲ್ಲೂ ಇದು ಇಲ್ಲ. ಮನೆಯವರೇ ಕೇಳಿ ಪಡೆದಂತೆ ಅರ್ಜಿ ಬರೆಸಿಕೊಳ್ಳುತ್ತಿದ್ದರು. ಸಹಿ ದೊಡ್ಡ ಸರ್ ಅವರದು, ಎಂದರೆ ಹೆಡ್ ಮಾಸ್ತರರದು. ತೀರ್ಮಾನ ಪಿ.ಸಿ.ಎಂ. ಸರ್ ಅವರದು.

ಆ ವರ್ಷ ಜೂನಿನಲ್ಲಿ ತೆಲುಗು ಗಡಿಯ ಕುಂಚಾವರಂ ಆಚೆಯ ಒಂದು ತಾಂಡಾದಂಥ ಸಣ್ಣ ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಜೊತೆಗೆ ಅಪ್ಪ. ಹಾಸ್ಟೆಲಿನಲ್ಲಿ ಟ್ರಂಕು ಇಟ್ಟು, ಹಾಸ್ಟೆಲಿನ ಕಡೆಯ ಹಿಂಬಾಗಿಲಿನಿಂದ ನೇರ ಆಫೀಸಿಗೆ ಬಂದಿದ್ದರು. ಆತನಿಗೆ ತೆಲುಗು ಬಿಟ್ಟು ಬೇರೆ ಬರುತ್ತಿರಲಿಲ್ಲ. ನನ್ನ ತವರು ಸೇಡಂ. ಅಲ್ಲಿ ಸಂತೆಯಲ್ಲಿ ಅರ್ಧ ಮಾತು ತೆಲುಗೇ. ಹಾಗಾಗಿ ದೊಡ್ಡ ಸರ್ ನನ್ನನ್ನು ಕರೆಸಿದರು.

ಆತ ಕುರ್ಚಿಯಲ್ಲಿ ಕೂರಲಿಲ್ಲ. ಬೇಸಿಗೆಯಲ್ಲಿ ಬೀಡಿ ಎಲೆ ಕೀಳುವ ಕೆಲಸ, ಬೆರಳ ತುದಿಗಳು ಇನ್ನೂ ಕಪ್ಪಗಿದ್ದವು. ಟವೆಲ್ಲನ್ನು ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದ. "ಪಿಲ್ಲ ಈಡ್ನೆ ಉಂಟದಾ ಮೇಡಂ?" ಹುಡುಗಿ ಇಲ್ಲೇ ಇರುತ್ತಾಳಾ ಎಂದು. ಅವರ ಹಳ್ಳಿಯ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಮುಂದಿನ ಶಾಲೆಗೆ ಕಾಡಿನ ದಾರಿ ನಡೆಯಬೇಕು, ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಇಲ್ಲಿಂದ ವಾಪಸು ಬಂದರೆ ಅವಳ ಓದು ಅಲ್ಲಿಗೇ ನಿಂತಂತೆ. ಇದನ್ನು ಆತ ಬೇಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ, ಬಸ್ಸು ಎಷ್ಟಕ್ಕೆ ಎಂದು ಹೇಳುವ ಹಾಗೆ ಹೇಳಿದ.

ದೊಡ್ಡ ಸರ್, "ಒಂದ್ ವರ್ಷ ನೋಡಾಣ ಅಂತ ಹೇಳ್ರಿ" ಎಂದರು. ಹೇಳಿದೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಗಿಡ್ಡ ಜಡೆ, ಎಣ್ಣೆ ಸುರಿಯುವಷ್ಟು ಹಚ್ಚಿದ ತಲೆ, ಬಟ್ಟಲಗಣ್ಣು.

ಲೆಕ್ಕದಲ್ಲಿ ಅವಳು ಚುರುಕು. ಅದು ಮೊದಲ ವಾರದಲ್ಲೇ ಎಲ್ಲರಿಗೂ ತಿಳಿಯಿತು. ಪಿ.ಸಿ.ಎಂ. ಸರ್ ಸಹ ಸ್ಟಾಫ್ ರೂಮಿನಲ್ಲಿ, "ಕಾಡಿನ್ಯಾಗಿಂದ ಬಂದದ, ಆದ್ರ ತಲಿ ಅದ" ಎಂದಿದ್ದರು. ಅವಳ ಕನ್ನಡವೂ ಕೆಟ್ಟದಿರಲಿಲ್ಲ. ಬರೆಯುವಾಗ ತಪ್ಪಿಲ್ಲ. ಗಾಬರಿಯಾದಾಗ ಮಾತ್ರ ಬಾಯಿಗೆ ಮನೆಯ ಮಾತು ಬರುತ್ತಿತ್ತು, ಎಲ್ಲರಿಗೂ ಹಾಗೇ ಬರುವುದು.

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಸರ್ ಪ್ರಯೋಗಾಲಯದಲ್ಲಿ ಆಮ್ಲ ಮತ್ತು ನೀರು ತೋರಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಒಂಬತ್ತನೆಯವರಿಗೆ ಡಿಕ್ಟೇಶನ್ ಕೊಡುತ್ತಿದ್ದೆ, ನಡುವೆ ಗೋಡೆ ಪೂರ್ತಿ ಇಲ್ಲ, ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಎರಡೂ ಕೈಯಲ್ಲಿ ಒಂದೊಂದು ಪ್ರನಾಳ ಹಿಡಿದು, ಲಿಟ್ಮಸ್ ಕಾಗದ ಅದ್ದಿ ತೋರಿಸಿ, ಸರ್ ಆ ಹುಡುಗಿಯನ್ನು ಎಬ್ಬಿಸಿದರು.

"ಹೇಳು, ಇದ್ರಾಗ ಆಸಿಡ್ ಯಾವ್ದು? ಲಗೂ ಹೇಳು."

"ಕುಡಿ, ಸರ್" ಎಂದಳು ಅವಳು.

ಆ ಕೋಣೆ ಒಡೆದುಹೋದ ಹಾಗೆ ನಗು. ನನ್ನ ತರಗತಿಯವರೂ ಪೆನ್ನು ಎತ್ತಿ ಕಿವಿ ಕೊಟ್ಟರು.

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಬಲಗೈಯಲ್ಲಿರುವುದು ಆಸಿಡ್ ಎಂದು ಅವಳು ಹೇಳಿದ್ದಳು. ಉತ್ತರ ಸರಿಯಾಗಿಯೇ ಇತ್ತು.

"ನಾ ಕುಡೀಲಾ?" ಎಂದರು ಸರ್, ನಿಧಾನಕ್ಕೆ. ಅವರ ದನಿ ಕೇಳಿದರೆ ಸಾಕು, ಅವರಿಗೆ ಒಳ್ಳೆಯ ಮೇವು ಸಿಕ್ಕಿದೆ ಎಂದು ಗೊತ್ತಾಗುತ್ತಿತ್ತು. "ಆಸಿಡ್ ಕುಡಿ ಅಂತಾಳ ನೋಡ್ರಿ ಮಾಸ್ತರಗ. ನಿಮ್ಮಪ್ಪ ಕುಡೀತಾನೇನು?"

"ಇಲ್ರಿ ಸರ್. ಕುಡಿ... ಕುಡಿ ಪಕ್ಕ, ಸರ್."

"ಪಕ್ಕದಾಗ ಕುಂತು ಕುಡೀಲಾ? ಆಯ್ತವ್ವ, ಕುಂದ್ರು. ಕುಡಿ ಅಂತ ಹೆಸರಿಡ್ತೀನಿ ನಿನಗ. ಛಲೋ ಅದ, ಸಣ್ಣ ಹೆಸರು."

ಸಂಜೆ ನಾನು ಸ್ಟಾಫ್ ರೂಮಿನಲ್ಲಿ ಸರ್‌ಗೆ ಹೇಳಿದೆ, ಅದು ತೆಲುಗು ಮಾತು, ಹುಡುಗಿ ಸರಿಯಾಗಿಯೇ ಉತ್ತರ ಕೊಟ್ಟಿದ್ದಳು ಎಂದು. ಅವರು ಬಿಸ್ಕೀಟು ಚಹಾದಲ್ಲಿ ಅದ್ದುತ್ತ ನಕ್ಕರು.

"ಗೊತ್ತದ ಮೇಡಂ. ನಾ ಏನು ಬ್ಯಾರೆ ದೇಶದಾಂವೇನು? ತೆಲುಗಿನವ್ರ ಬಶೀರಾಬಾದದಾಗ ನಮ್ಮ ಅಕ್ಕನ್ನ ಕೊಟ್ಟೀವಿ. ಆದ್ರ ಮಕ್ಕಳು ನಗ್ಲಿ ಬಿಡ್ರಿ. ನಕ್ಕ್ರ ಪಾಠ ನೆನಪಿರ್ತದ."

ಪಾಠದ್ದು ನನಗೆ ತಿಳಿಯದು. ಹೆಸರು ಮಾತ್ರ ಎಲ್ಲರ ನೆನಪಿನಲ್ಲೂ ಉಳಿಯಿತು.

ಮೊದಲು ಅದು ಎಂಟನೆಯ ತರಗತಿಯಲ್ಲಿತ್ತು, ಆಮೇಲೆ ನಳದ ಹತ್ತಿರ ಬಂತು, ಆಮೇಲೆ ಹಾಸ್ಟೆಲಿಗೆ ಹೋಯಿತು. ಅವಳು ನೀರಿಗೆ ಬಂದರೆ ಸಾಕು, ಸಾಲಿನಲ್ಲಿ ನಿಂತವರು ಬಾಟಲಿ ಮುಂದೆ ಹಿಡಿದು "ಕುಡಿ, ಕುಡಿ" ಎನ್ನುತ್ತಿದ್ದರು. ಇದರಲ್ಲಿ ಮುಂದಾಳು ಮೊದಲ ಬೆಂಚಿನ ಚಿತ್ತಾಪುರದ ಹುಡುಗಿ. ಆ ಮಗುವನ್ನು ನೋಡಿದರೆ ಯಾರೂ ಕೆಟ್ಟವಳೆನ್ನುವುದಿಲ್ಲ. ಬಿಳಿ ರಿಬ್ಬನ್ನು, ಮುದ್ದಾದ ಅಕ್ಷರ, ನನಗೆ ದಿನವೂ ಎದ್ದು ನಿಂತು ನಮಸ್ಕಾರ. ಅವಳಿಗೆ ಕುಂಚಾವರಂ ಹುಡುಗಿಯ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಲೆಕ್ಕದಲ್ಲಿ ತನಗಿಂತ ಮೊದಲು ಕೈ ಎತ್ತುತ್ತಾಳೆ ಎಂಬುದೊಂದು ಬಿಟ್ಟರೆ.

ಹುಡುಗಿ ಶಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಳು. ಇದು ನನಗೆ ತಿಳಿದದ್ದು ಅವಳ ತುಟಿಯಿಂದ. ನಮ್ಮ ಕಡೆ ದೀಪಾವಳಿ ಕಳೆದರೂ ಮಧ್ಯಾಹ್ನದ ಬಿಸಿಲು ಬಿಡುವುದಿಲ್ಲ, ಕಲ್ಲು ಕೊಯ್ಯುವ ಮಷೀನುಗಳ ಬೂದಿ ಧೂಳು ಬಾಯಿಯಲ್ಲೇ ಕೂರುತ್ತದೆ. ನನ್ನ ಪೀರಿಯಡ್ಡಿಗೆ ಅವಳ ತುಟಿ ಒಡೆದು ಬಿಳಿಚಿರುತ್ತಿತ್ತು. ಊಟದ ಹೊತ್ತಿನಲ್ಲಿ ಬಿಸಿಯೂಟದ ಸಾರನ್ನು ತಾಟಿನಲ್ಲಿ ತುಂಬ ಹಾಕಿಸಿಕೊಂಡು ಅದನ್ನೇ ಕುಡಿಯುತ್ತಿದ್ದಳು. ಅದನ್ನೂ ಯಾರೋ ಕಂಡರು, "ಕುಡಿ ಸಾರು ಕುಡ್ಯಾಕತ್ತದ" ಎಂದರು. ಮರುದಿನದಿಂದ ಅನ್ನವನ್ನು ಸಾರಿಲ್ಲದೆ ಉಂಡಳು.

ಗಣಿತದಲ್ಲಿ ಅವಳು ಇನ್ನೊಂದು ಉಪಾಯ ಹುಡುಕಿದಳು. ಕಾಪಿ ತಿದ್ದುವಾಗ ಪಕ್ಕದಲ್ಲಿದ್ದ ಗಣಿತದ ಕಾಪಿಗಳನ್ನು ಸುಮ್ಮನೆ ತಿರುವಿದಾಗ ನನಗೂ ಅದು ಕಂಡಿತು. ಸಮೀಕರಣ ಯಾವುದೇ ಇರಲಿ, ಅವಳು ಎಲ್ಲವನ್ನೂ ಎತ್ತಿ ಎಡಗಡೆಗೆ ತರುತ್ತಿದ್ದಳು. ಬಲಗಡೆ ಬರೀ ಸೊನ್ನೆ. ಬೋರ್ಡಿನ ಮುಂದೆ ನಿಲ್ಲಿಸಿ ಕೇಳಿದಾಗ ಬಲಗಡೆಯ ಮಾತೇ ಬಾರದ ಹಾಗೆ ಮಾಡಿಕೊಂಡಿದ್ದಳು. ತೆಲುಗಿನ ಎಡಮ, ಕನ್ನಡದ ಎಡ, ಎರಡೂ ಹತ್ತಿರದವು, ಅಲ್ಲಿ ನಾಲಿಗೆ ತಪ್ಪಿದರೂ ಯಾರೂ ನಗುವುದಿಲ್ಲ. ಲೆಕ್ಕ ಉದ್ದವಾಗುತ್ತಿತ್ತು, ಉತ್ತರ ಮಾತ್ರ ತಪ್ಪುತ್ತಿರಲಿಲ್ಲ.

ಸರ್ ಅದನ್ನೂ ಬಿಡಲಿಲ್ಲ. "ನಿನ್ನ ಬಲಗಡಿ ಯಾವಾಗ್ಲೂ ಸೊನ್ನೆನೇ ಯಾಕವ್ವ? ಎಲ್ಲಾ ಕುಡದು ಖಾಲಿ ಮಾಡಿಯೇನು?"

ಬಲ ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿದ್ದೆ. ಅವಳು ಹೇಳಿದಳು, "ಬಲ ಅಂದ್ರ ಫೋರ್ಸ್ ಅಲ್ರಿ ಮೇಡಂ? ಸರ್ ಅದಾ ಪಾಠ ಮಾಡ್ಯಾರ. ನೂಕೋದು, ಎಳಿಯೋದು." ಬಲ ಎನ್ನುವ ಮಾತು ಅವಳ ತಲೆಯಲ್ಲಿ ವಿಜ್ಞಾನದ ಪುಸ್ತಕದಲ್ಲಿ ಹೋಗಿ ಕುಳಿತಿತ್ತು. ಅವಸರಕ್ಕೆ ಅದು ಕೈಯ ಹತ್ತಿರ ಬರುತ್ತಿರಲಿಲ್ಲ.

ಒಂದು ದಿನ ಪುಣ್ಯಕ್ಕೆ ನನ್ನ ಪೀರಿಯಡ್ಡು ನನಗೇ ಉಳಿದಿತ್ತು. ನಾನು ಪಾಠ ಬಿಟ್ಟು ಬೋರ್ಡಿನ ಮೇಲೆ ಕುಡಿ ಎಂದು ಬರೆದೆ. ನೀರು ಕುಡಿಯುವುದೂ ಕುಡಿಯೇ, ಬಳ್ಳಿಯ ಎಳೆಯ ತುದಿಯೂ ಕುಡಿಯೇ, ದೀಪದ ತುದಿಯನ್ನೂ ಹಾಗೇ ಅನ್ನುತ್ತಾರೆ, ಮನೆಯ ಮಗುವನ್ನು ವಂಶದ ಕುಡಿ ಎನ್ನುತ್ತಾರೆ. ನಮ್ಮ ಪಕ್ಕದ ತೆಲುಗಿನವರಿಗೆ ಕುಡಿ ಎಂದರೆ ಬಲಗಡೆ. ಒಂದೇ ಮಾತು, ಊರು ದಾಟಿದರೆ ಅರ್ಥ ಬೇರೆ. ಹೀಗೆ ಸಮಾಧಾನವಾಗಿ, ಮನೆಯಲ್ಲಿ ಮಕ್ಕಳಿಗೆ ಹೇಳುವಂತೆ ಹೇಳಿದೆ. ಮಕ್ಕಳು ತಲೆ ಆಡಿಸಿದರು. ಬರೆದುಕೊಂಡರು ಕೂಡ. ಚಿತ್ತಾಪುರದ ಹುಡುಗಿ ಎದ್ದು, "ಮೇಡಂ, ಕುಡಿಮೀಸಿ ಅಂತಾರಲ್ರಿ, ಅದೂ ಇದಾ ಏನ್ರಿ?" ಎಂದು ಕೇಳಿದಳು. ಹೌದವ್ವ, ಅದೂ ಇದೇ ಎಂದೆ, ಒಳ್ಳೆಯ ಪ್ರಶ್ನೆ ಎಂದೂ ಹೇಳಿದೆ.

ಸಂಜೆಯೊಳಗೆ ಹುಡುಗಿಯ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಮುಖ, ಅದಕ್ಕೆ ಎರಡು ಕಡೆ ತಿರುವಿದ ಮೀಸೆ. ಅವತ್ತಿನಿಂದ ಹೆಸರು ಒಂದಿದ್ದದ್ದು ನಾಲ್ಕಾಯಿತು. ಬಳ್ಳಿ, ದೀಪ, ಮೀಸಿ, ಕುಡಿ. ನಾನು ಕೊಟ್ಟ ಅರ್ಥಗಳಲ್ಲಿ ಒಂದನ್ನೂ ಅವರು ಹಾಳು ಮಾಡಲಿಲ್ಲ.

ಎರಡು ದಿನ ಬಿಟ್ಟು ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಮೇಡಂ, ನೀವಿನ್ನ ಹೇಳಿಕೊಡಬ್ಯಾಡ್ರಿ ಅವರಿಗಿ."

"ಆಯ್ತವ್ವ" ಎಂದೆ. ಡಬ್ಬಿಯಲ್ಲಿ ಉಳಿದ ಅರ್ಧ ರೊಟ್ಟಿ ಕೊಟ್ಟೆ. ನನ್ನ ಬಾಟಲಿಯ ನೀರನ್ನು ಬಾಗಿಲು ಮರೆ ಮಾಡಿಕೊಂಡು ಗಟಗಟ ಕುಡಿದಳು. ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಬರುತ್ತಿದ್ದಳು, ಕಾಪಿ ತಂದಿಡುವ ನೆಪ ಮಾಡಿಕೊಂಡು.

ಚಳಿಗಾಲ ಕಳೆಯುತ್ತಿದ್ದ ಹಾಗೆ ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯ ಮಾತು ಶುರುವಾಯಿತು. ಆ ಸಲ ಮೇಲಿನಿಂದ ವಿಷಯ ಪರಿವೀಕ್ಷಕರು ಬಂದು ಮಕ್ಕಳನ್ನು ಬಾಯಿ ಪ್ರಶ್ನೆ ಕೇಳುತ್ತಾರೆ ಎಂದು ಸುದ್ದಿ. ಸ್ಟಾಫ್ ರೂಮಿನಲ್ಲಿ ಯಾರು ನಡೆಯುತ್ತಾರೆ, ಯಾರು ನಡೆಯುವುದಿಲ್ಲ ಎಂಬ ಮಾತೂ ಶುರುವಾಗಿತ್ತು.

"ಆ ಕುಡಿ ಹುಡಿಗೀದು ಡೌಟ್ ಅದ ನನಗ" ಎಂದರು ಪಿ.ಸಿ.ಎಂ. ಸರ್. "ಬರೀತಾಳ, ಆದ್ರ ಬಾಯಿ ಇಲ್ಲ. ಸೈನ್ಸಿಗಿ ಬಾಯಿ ಬೇಕು. ಊರ ಶಾಲ್ಯಾಗ ಆರಾಮ ಇರ್ತಾಳ."

"ಊರಾಗ ಏಳನೇದ್ರ ಮ್ಯಾಲ ಶಾಲಿ ಇಲ್ರಿ ಸರ್" ಎಂದೆ ನಾನು.

"ಅದು ಸರಕಾರದ ಸಮಸ್ಯಾ ಮೇಡಂ, ನಂದಲ್ಲ."

ಆ ಮಾತನ್ನು ನಾನು ಹುಡುಗಿಗೆ ಮುಟ್ಟಿಸಲಿಲ್ಲ, ಮುಟ್ಟಿಸಬೇಕಾಗಿಯೂ ಇರಲಿಲ್ಲ. ಚಿತ್ತಾಪುರದ ಹುಡುಗಿ ಆಗಲೇ ಹೇಳಿಯಾಗಿತ್ತು. ಬಿಡುವಿನಲ್ಲಿ ನಾವಿಬ್ಬರೂ ಒಂದು ಅಭ್ಯಾಸ ಮಾಡಿಕೊಂಡೆವು. ನಾನು ರೊಟ್ಟಿ ಮುರಿಯುತ್ತ ಕೇಳುತ್ತಿದ್ದೆ, "ಇದು ಯಾವ ಕೈ?" "ಉಣ್ಣೋ ಕೈ." "ಉಣ್ಣೋ ಕೈ ಯಾವ ಕಡಿ?" "ಬಲಕ್ಕ." ಉಣ್ಣುವ ಕೈ, ಬಲಕ್ಕೆ. ಸ್ಟಾಫ್ ರೂಮಿನ ಕಿಟಕಿ ಯಾವ ಕಡೆ, ಬೀರು ಯಾವ ಕಡೆ, ಗಡಿಯಾರದ ಮುಳ್ಳು ಯಾವ ಕಡೆ. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು. ರೈಲಿನಲ್ಲಿ ಕುಳಿತು ಮನಸ್ಸಿನಲ್ಲೇ ಬಲಕ್ಕ, ಬಲಕ್ಕ ಎಂದುಕೊಳ್ಳುತ್ತಿದ್ದೆ.

ಪರೀಕ್ಷೆಯ ದಿನ ನನಗೆ ಪ್ರಯೋಗಾಲಯದಲ್ಲೇ ಡ್ಯೂಟಿ ಬಿತ್ತು, ಮಕ್ಕಳನ್ನು ಸಾಲಾಗಿ ಕೂರಿಸಿಡುವುದು. ಪರಿವೀಕ್ಷಕರು ಒಳ್ಳೆಯ ಮನುಷ್ಯರು, ಬಾಯಲ್ಲಿ ಅಡಿಕೆ, ಎಲ್ಲ ಮಕ್ಕಳಿಗೂ "ಬಾರವ್ವ, ಬಾರಪ್ಪ" ಎನ್ನುವವರು. ಸರ್ ಮೇಜಿನ ಮೇಲೆ ಬ್ಯಾಟರಿ, ತಂತಿ, ಅದರ ಕೆಳಗೆ ದಿಕ್ಸೂಚಿ ಇಟ್ಟಿದ್ದರು. ತಂತಿ ಜೋಡಿಸಿದರೆ ಸೂಜಿ ಹೊರಳುತ್ತದೆ. ಪಕ್ಕದಲ್ಲಿ ಚಂದ ಕಾಣಲಿ ಎಂದು ನೀಲಿ ಮೈಲುತುತ್ತದ ದ್ರಾವಣ ತುಂಬಿದ ಪ್ರನಾಳಗಳ ಸಾಲು.

ಅವಳ ಸರದಿ ಬಂತು. ತಂತಿ ಜೋಡಿಸಿದಳು. ಸೂಜಿ ಹೊರಳಿತು.

"ಎತ್ತ ಹೊಳ್ಳಿತವ್ವ?" ಎಂದರು ಪರಿವೀಕ್ಷಕರು.

ಹಿಂದಿನ ಸಾಲಿನ ಹುಡುಗರು ಬಾಯಿಗೆ ಕೈ ಇಟ್ಟುಕೊಂಡು ತಯಾರಾಗಿ ಕುಳಿತಿದ್ದರು. ಅವಳ ಬಲಗೈ ಬೆರಳುಗಳು ತುತ್ತು ಕಲಸುವ ಹಾಗೆ ಸಣ್ಣಗೆ ಆಡಿದವು.

"ಬಲಕ್ಕ, ಸರ್."

ಪರಿವೀಕ್ಷಕರು "ಶಹಬ್ಬಾಸ್" ಎಂದರು. ಆದರೆ ಕೋಣೆಯಲ್ಲಿ ಒಂದು ನಿರಾಸೆ ಹರಿಯಿತು. ಸುರುಸುರು ಬತ್ತಿ ಹಸಿಯಾಗಿ ಹತ್ತದಿದ್ದರೆ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ಸರ್ ಅದನ್ನು ಕಂಡರು. ಮಕ್ಕಳ ನಿರಾಸೆ ಅವರಿಂದ ನೋಡಲಾಗುತ್ತಿರಲಿಲ್ಲ.

"ಬಾಯಿನೇ ಇಲ್ರಿ ಇಕಿಗಿ, ದಿನಾ ಹಿಂಗ ಹೇಳಂಗಿಲ್ಲ. ಇವತ್ತ ನಿಮ್ಮ ಮುಂದ ಶಾಣ್ಯಾ ಆಗ್ಯಾಳ" ಎಂದು ಶುರು ಮಾಡಿ, ಆಸಿಡ್ಡಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹೇಳುವ ಕಲೆ ಅವರಿಗೆ ಇತ್ತು. ಪರಿವೀಕ್ಷಕರ ಹೊಟ್ಟೆ ಕುಲುಕಿತು.

"ಹೌದೇನವ್ವ? ಒಮ್ಮಿ ಅಂದು ತೋರ್ಸು ನಮಗೂ." ಪರಿವೀಕ್ಷಕರು ಒಂದು ನೀಲಿ ಪ್ರನಾಳ ಎತ್ತಿ ಅವಳ ಬಲಗೈಗೆ ಕೊಟ್ಟರು. "ಇದು ಯಾವ ಕಡಿ ಅದ ಹೇಳು."

ಸರ್ ಫೋನು ತೆಗೆದು ಅವಳ ಕಡೆ ಹಿಡಿದರು.

ಅವಳು ಪ್ರನಾಳವನ್ನು ನೋಡಿದಳು. ನನ್ನ ಕಡೆ ಒಮ್ಮೆ ನೋಡಿದಳು. ಬಲ ಎಂದರೆ ಇಲ್ಲಿ ಕೆಲಸವಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು ಎಂದುಕೊಳ್ಳುತ್ತೇನೆ. ಅದನ್ನು ಹೇಳಿ ಆಗಿತ್ತು, ಯಾರಿಗೂ ಬೇಕಾಗಿರಲಿಲ್ಲ. ಅವಳು ಆ ಪ್ರನಾಳವನ್ನು ಎರಡೂ ಕೈಯಲ್ಲಿ ಹಿಡಿದು, ಮನೆಗೆ ಬಂದ ದೊಡ್ಡವರಿಗೆ ನೀರು ಕೊಡುವ ಹಾಗೆ ಸ್ವಲ್ಪ ಬಾಗಿ, ಪರಿವೀಕ್ಷಕರನ್ನು ಬಿಟ್ಟು ಪಿ.ಸಿ.ಎಂ. ಸರ್ ಮುಂದೆ ಹಿಡಿದಳು.

"ಕುಡೀರಿ, ಸರ್" ಎಂದಳು.

ಕುಡಿ ಅಲ್ಲ, ಕುಡೀರಿ. ಅಚ್ಚ ನಮ್ಮ ಕಡೆಯ ಕನ್ನಡ, ಮರ್ಯಾದೆ ಸಮೇತ. ಅದರಲ್ಲಿ ತೆಲುಗು ಹುಡುಕಿದರೂ ಸಿಗುವುದಿಲ್ಲ.

ಕೋಣೆ ಬಿದ್ದು ಬಿದ್ದು ನಕ್ಕಿತು. ಪರಿವೀಕ್ಷಕರು ಕಣ್ಣು ಒರೆಸಿಕೊಂಡರು, ಅಡಿಕೆ ನೆತ್ತಿಗೇರಿ ಕೆಮ್ಮಿದರು. ಸರ್ ಸಹ ನಕ್ಕರು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದರು. ಫೋನು ಕೆಳಗಿಳಿಸಿ ಅವಳನ್ನು ಒಂದು ಗಳಿಗೆ ನೋಡಿದರು. ಅವರಿಗೆ ಅರ್ಥವಾಗಿತ್ತು.

"ಭಾಳ ಚಾಲಾಕಿ ಅದಾಳ್ರಿ ಇಕಿ" ಎಂದರು ಪರಿವೀಕ್ಷಕರು. "ಬಾಯಿ ಇಲ್ಲ ಅಂತಿದ್ರಿ? ಇಂಥಾವ್ರನ್ನ ಬಿಡಬ್ಯಾಡ್ರಿ. ಕ್ಲಾಸಿನ್ಯಾಗ ಒಂದೀಟು ನಗು ಇರ್ಬೇಕು."

ಆ ವಿಡಿಯೋ ಸಂಜೆ ಸ್ಟಾಫಿನ ಗುಂಪಿನಲ್ಲಿ ಬಂತು. ಕೆಳಗೆ ಸಾಲಾಗಿ ನಗುವ ಮುಖಗಳು. ದೊಡ್ಡ ಸರ್ ಎರಡು ಹಾಕಿದ್ದರು. ಹುಡುಗಿಯ ಬಗ್ಗೆ ಇದ್ದ ಡೌಟು ಅಲ್ಲಿಗೆ ಮುಗಿಯಿತು. ವರ್ಷವೆಲ್ಲ ಅವಳು ತಪ್ಪಿಲ್ಲದೆ ಮಾಡಿದ ಲೆಕ್ಕಗಳಿಂದ ಆಗದ ಕೆಲಸ ಒಂದು ಮಾತಿನಿಂದ ಆಯಿತು.

ಅದು ಅವಳಿಗೂ ತಿಳಿಯಿತು. ಆಮೇಲೆ ಅವಳು ನನ್ನ ಹತ್ತಿರ ನೀರಿಗೆ ಬರುವುದನ್ನು ನಿಲ್ಲಿಸಿದಳು. ನಳದ ಹತ್ತಿರ ಯಾರಾದರೂ ಬಾಟಲಿ ಹಿಡಿದರೆ ತಾನೇ ಬಾಗಿ, "ಮದ್ಲು ನೀವ್ ಕುಡೀರಿ, ಸರ್" ಎನ್ನುತ್ತಿದ್ದಳು, ಅದೇ ಧಾಟಿಯಲ್ಲಿ. ಹತ್ತನೆಯ ತರಗತಿಯವರೂ ಬಂದು ಹೇಳಿಸಿಕೊಂಡು ಹೋಗುತ್ತಿದ್ದರು. ಚಿತ್ತಾಪುರದ ಹುಡುಗಿ ತನ್ನ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ಸಮೀಕರಣಗಳ ಬಲಗಡೆಯೂ ತುಂಬಿಕೊಂಡಿತು. ತೊದಲುವ ಹುಡುಗ ಪಾಠ ಓದಲು ಎದ್ದು ನಿಂತಾಗ ಒಂದು ದಿನ ಹಿಂದಿನಿಂದ "ಕರೆಂಟ್ ಹೋತು" ಎಂದಿತು ಒಂದು ದನಿ. ಅದು ಅವಳದು. ಒಳ್ಳೆಯ ಕನ್ನಡ, ಸರಿಯಾದ ಹೊತ್ತು. ಎಲ್ಲರೂ ನಕ್ಕರು.

ರಿಜಲ್ಟಿನ ದಿನ ಮನೆಯವರನ್ನು ಕರೆಸುತ್ತಾರೆ. ಬಿಸಿಲು ಕಲ್ಲಿನ ಮೇಲೆ ಬಿದ್ದು ಕಣ್ಣು ಬಿಡಲಾಗದ ಹಾಗಿತ್ತು. ನಾನು ಆಫೀಸಿನ ಮುಂದೆ ನಿಂತು ಬಂದವರನ್ನು ಒಳಗೆ ಕಳಿಸುತ್ತಿದ್ದೆ. ಬೇವಿನ ಗಿಡದ ಕಟ್ಟೆಯ ಮೇಲೆ ಎಂಟನೆಯ ತರಗತಿಯವರು ಗುಂಪಾಗಿ ಕುಳಿತಿದ್ದರು, ನಡುವೆ ಅವಳು. ಆ ಹೊತ್ತಿಗೆ ಅವಳ ಅಪ್ಪ ದೊಡ್ಡ ಗೇಟಿನಲ್ಲಿ ಬಂದು ನಿಂತ. ಜೂನಿನಲ್ಲಿ ಹಿಂಬಾಗಿಲಿನಿಂದ ಬಂದವನಿಗೆ ಈ ಕಡೆ ಹೊಸದು. ಎಲ್ಲರ ಹಾಗೆ ಆತನೂ ಎರಡು ದಾರಿಯ ನಡುವೆ ನಿಂತು ನೋಡಿದ.

ಚಿತ್ತಾಪುರದ ಹುಡುಗಿ ಮೊದಲು ಕಂಡಳು. "ಏ ಕುಡಿ, ನಿಮ್ಮಪ್ಪ ಬಂದಾನ ನೋಡು."

ಆತನಿಗೆ ಅದರಲ್ಲಿ ತಿಳಿದದ್ದು ಒಂದೇ ಮಾತು. ದಾರಿ ಹೇಳುತ್ತಿದ್ದಾರೆ ಎಂದುಕೊಂಡ. ಮಕ್ಕಳ ಕಡೆ ನೋಡಿ ತಲೆ ಆಡಿಸಿ, ಬಲಕ್ಕೆ ತಿರುಗಿದ.

ಮಕ್ಕಳಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಯಾರಿಗೋ ಹೊಳೆಯಿತು, ಎಲ್ಲರಿಗೂ ಹೊಳೆಯಿತು. "ಕುಡಿ, ಕುಡಿ" ಎಂದು ಕೂಗಿದರು. ಆತ ನಡೆಯುತ್ತಲೇ ಕೈ ಎತ್ತಿ ಆಯಿತು ಎನ್ನುವ ಹಾಗೆ ತೋರಿಸಿದ, ನಡಿಗೆ ಚುರುಕು ಮಾಡಿದ, ಫರ್ಸಿಯ ಮೋಟು ಗೋಡೆಯ ಹಿಂದೆ ಹೋದ. ಒಳಗಿಂದ ಒಬ್ಬ ಹುಡುಗ ಪ್ಯಾಂಟು ಹಿಡಿದುಕೊಂಡು ಹೊರಗೆ ಓಡಿ ಬಂದ. ಅವನ ಹಿಂದೆ ಅಪ್ಪ ಬಂದ, ಮೂಗಿಗೆ ಟವೆಲ್ಲು ಒತ್ತಿಕೊಂಡು, ಆಫೀಸು ಎಲ್ಲಿ ಎಂದು ಸುತ್ತ ನೋಡುತ್ತ.

ಕಟ್ಟೆಯ ಮೇಲೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅವಳು ಅಪ್ಪನನ್ನು ನೋಡಿದಳು. ಆಮೇಲೆ ಎಡಕ್ಕೆ ಬಲಕ್ಕೆ ಕುಳಿತವರ ಮುಖ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನಕ್ಕಳು. ಮೊದಲು ಸ್ವಲ್ಪ, ಆಮೇಲೆ ಉಳಿದವರಿಗಿಂತ ಹೆಚ್ಚು, ಹೊಟ್ಟೆ ಹಿಡಿದುಕೊಂಡು.

ಮಗಳು ನಗುವುದನ್ನು ಕಂಡು ಆತನೂ ನಕ್ಕ. ಅಲ್ಲೇ ನಿಂತು, ಟವೆಲ್ಲು ಮೂಗಿನಿಂದ ತೆಗೆದು.

ನಾನು ಹೋಗಿ "ಎಡಮ ಪಕ್ಕಕು ರಾ" ಎಂದು ಕರೆದುಕೊಂಡು ಬಂದೆ. ದೊಡ್ಡ ಸರ್ ತಲೆ ಎತ್ತದೆ, "ಇರ್ತಾಳ ಅಂತ ಹೇಳ್ರಿ ಮೇಡಂ" ಎಂದರು. ಹೇಳಿದೆ, ಈಡ್ನೆ ಉಂಟದಿ ಎಂದು. ಆತ ದೊಡ್ಡ ಸರ್‌ಗೆ ಕೈ ಮುಗಿದ, ನನಗೆ ಮುಗಿದ, ಗೋಡೆಯ ಮೇಲಿದ್ದ ಫೋಟೋಗಳಿಗೂ ಮುಗಿದ.

ಹೊರಗೆ ಬಂದ ಮೇಲೆ ತೆಲುಗಿನಲ್ಲಿ ಹೇಳಿದ. ಮೊದಮೊದಲು ಫೋನು ಮಾಡಿದಾಗೆಲ್ಲ ಅಳುತ್ತಿದ್ದಳಂತೆ, ಮನೆಗೆ ಬರುತ್ತೇನೆ ಎನ್ನುತ್ತಿದ್ದಳಂತೆ. ಈಗ ನೋಡಿದರೆ ಎಷ್ಟು ನಗುತ್ತಾಳೆ, ಎಷ್ಟು ಜನ ಗೆಳತಿಯರು. ಹೋಗಿ ಅವಳ ಅಮ್ಮನಿಗೆ ಹೇಳಬೇಕು. ಆಮೇಲೆ ಕೇಳಿದ, ನಿಮ್ಮ ಮಕ್ಕಳು ನನಗೆ ತೆಲುಗಿನಲ್ಲೇ ದಾರಿ ಹೇಳಿದರಲ್ಲ, ಇಲ್ಲಿ ತೆಲುಗೂ ಕಲಿಸುತ್ತೀರಾ?

ಇಲ್ಲ, ಒಂದು ಮಾತು ಬರುತ್ತದೆ ಅವರಿಗೆ, ಎಂದೆ.

ಯಾರು ಕಲಿಸಿದರು ಎಂದು ಕೇಳಿದ.

ನಿನ್ನ ಮಗಳು ಎಂದೆ. ಆತನ ಮುಖ ಅರಳಿತು. ಕಟ್ಟೆಯ ಕಡೆ ತಿರುಗಿ ನೋಡಿದ. ಅವಳು ಆಗಲೇ ಎದ್ದು ಉಳಿದವರ ಜೊತೆ ತರಗತಿಯ ಕಡೆ ಓಡಿದ್ದಳು.